ದಿನಕ್ಕೊಬ್ಬ ಅಳಿಯ

ರಾಯದುರ್ಗದಿಂದ ಫೋನು ಬಂದಾಗ ನಾನು ಮೈಕ್ರೋಸ್ಕೋಪಿನ ಮುಂದೆ ಕೂತಿದ್ದೆ. ಎರಡು ಸಲ ರಿಂಗಾದರೂ ಎತ್ತಲಿಲ್ಲ. ಗಾಜಿನ ಮೇಲಿನ ಹನಿಯನ್ನು ಪೂರ್ತಿ ನೋಡಿ ಮುಗಿಸುವ ತನಕ ತಲೆ ಎತ್ತಬಾರದೆಂದು ನನಗೆ ಕಲಿಸಿದವರೇ ತೀರಿಕೊಂಡಿದ್ದಾರೆ ಎಂಬ ಸುದ್ದಿ ಅದು. ಸುದ್ದಿ ಹತ್ತು ನಿಮಿಷ ತಡವಾಗಿ ತಿಳಿದದ್ದಕ್ಕೆ ಅವರು ಬೇಸರ ಮಾಡಿಕೊಳ್ಳುತ್ತಿರಲಿಲ್ಲ. ನಡುವೆ ಎದ್ದಿದ್ದರೆ ಬೈಯುತ್ತಿದ್ದರು.

ಮಡಕಶಿರದಿಂದ ಪಾವಗಡ, ಅಲ್ಲಿಂದ ಕಲ್ಯಾಣದುರ್ಗ, ಮತ್ತೆ ರಾಯದುರ್ಗ ಎಂದು ಮೂರು ಬಸ್ಸು ಹಿಡಿದು ಮುಟ್ಟುವಷ್ಟರಲ್ಲಿ ಮಣ್ಣು ಮುಗಿದಿತ್ತು. ಮನೆಯ ಮುಂದೆ ಶಾಮಿಯಾನದ ಕೆಳಗೆ ನೆಂಟರು ಕೂತಿದ್ದರು. ಜೀನ್ಸ್ ಹೊಲಿಸುವ ಕೆಲಸ ಇಟ್ಟುಕೊಂಡಿರುವ ಅವರ ಅಣ್ಣನ ಮಗ ಪಕ್ಕದ ಮನೆಯಿಂದ ಬಂದ ಚಹಾವನ್ನು ನನ್ನ ಕೈಗೆ ಕೊಟ್ಟು, ನಮ್ಮತ್ತೆ ಮಡಕಶಿರದಲ್ಲಿ ನಿಜವಾಗಿ ಏನು ಕೆಲಸ ಮಾಡುತ್ತಿದ್ದರು ಎಂದು ಕೇಳಿದ. ಆಸ್ಪತ್ರೆಯಲ್ಲಿ ರಕ್ತ ಪರೀಕ್ಷೆ ಮಾಡುತ್ತಿದ್ದರೆಂದು ಆ ಮನೆಯವರೆಲ್ಲ ತಿಳಿದಿದ್ದರಂತೆ. ಚಿಟ್ಟೆ ಅರೆದು ನೋಡುತ್ತಿದ್ದರು ಎಂದೆ. ದುಃಖಕ್ಕೆ ನನ್ನ ತಲೆ ಕೆಟ್ಟಿದೆ ಎಂದುಕೊಂಡನೋ ಏನೋ, ಇನ್ನೊಂದು ಲೋಟ ಚಹಾ ತರಿಸಿದ. ಅಲ್ಲಿ ಬಿಡಿಸಿ ಹೇಳಲು ಆಗಲಿಲ್ಲ, ಯಾಕೆ ಆಗಲಿಲ್ಲವೆಂದು ಮುಂದೆ ತಿಳಿಯುತ್ತದೆ. ಇದು ಅವನಿಗೆ ನಾನು ಕೊಡಬೇಕಾಗಿದ್ದ ಉತ್ತರ.

ಅವರ ಹೆಸರು ಬರೆಯುವುದಿಲ್ಲ. ನಾವು ಯಾರೂ ಅವರನ್ನು ಹೆಸರು ಹಿಡಿದು ಕರೆದವರಲ್ಲ, ನಮ್ಮಲ್ಲಿ ಅಕ್ಕ ಎಂದರೆ ಅವರೊಬ್ಬರೇ. ಅವರ ಗಂಡ ಮಡಕಶಿರದಲ್ಲಿ ಬಟ್ಟೆ ಅಂಗಡಿ ಇಟ್ಟಿದ್ದರು. ಊರ ಹೊರಗೆ ಆಗ ಒಂದು ಖಾಸಗಿ ಮೊಟ್ಟೆ ಕೇಂದ್ರವಿತ್ತು, ಈಗ ಮುಚ್ಚಿದೆ, ನಾನು ಬೇರೆ ಕೇಂದ್ರದಲ್ಲಿ ಅದೇ ಕೆಲಸ ಮಾಡುತ್ತೇನೆ. ಮೊಟ್ಟೆ ಎಂದರೆ ಕೋಳಿಯದಲ್ಲ, ರೇಷ್ಮೆ ಹುಳುವಿನದು. ಗೂಡಿನಿಂದ ಹೊರಬಂದ ತಾಯಿ ಚಿಟ್ಟೆ ಒಂದು ರಾತ್ರಿಯಲ್ಲಿ ಸಾಸಿವೆಗಿಂತ ಸಣ್ಣ ಮೊಟ್ಟೆಗಳನ್ನು ನಾನೂರು ಐನೂರು ಇಟ್ಟುಬಿಡುತ್ತದೆ. ಆ ತಾಯಿಗೆ ಗಂಟುರೋಗವಿದ್ದರೆ ಅದು ಮೊಟ್ಟೆಯೊಳಗೇ ಮಕ್ಕಳಿಗೆ ಇಳಿಯುತ್ತದೆ, ಮಕ್ಕಳಿಂದ ಇಡೀ ಹುಳುಮನೆಗೆ ಹರಡುತ್ತದೆ. ರೈತ ದಿನಕ್ಕೆ ಮೂರು ನಾಲ್ಕು ಸಲ ಸೊಪ್ಪು ಹಾಕಿ ಸಾಕಿ, ಇನ್ನೇನು ಗೂಡು ಕಟ್ಟುತ್ತವೆ ಎನ್ನುವಾಗ ಹುಳುಗಳು ಕಪ್ಪು ಚುಕ್ಕೆ ಬಿದ್ದು ಸಾಯುತ್ತವೆ. ಬಂದ ಮೇಲೆ ಔಷಧಿಯಿಲ್ಲ. ಇರುವುದು ಒಂದೇ ದಾರಿ. ಮೊಟ್ಟೆ ಇಟ್ಟು ಮುಗಿಸಿದ ತಾಯಿಯನ್ನು ಪಿಂಗಾಣಿಯ ಪುಟ್ಟ ಕಲಬತ್ತಿನಲ್ಲಿ ಅರೆದು, ಆ ರಸದ ಒಂದು ಹನಿಯನ್ನು ಗಾಜಿನ ಮೇಲೆ ಬಿಟ್ಟು, ಆರುನೂರು ಪಟ್ಟು ದೊಡ್ಡದು ಮಾಡುವ ಮೈಕ್ರೋಸ್ಕೋಪಿನಲ್ಲಿ ನೋಡಬೇಕು. ರೋಗದ ಕಣ ಕಂಡರೆ ಆ ತಾಯಿಯ ಮೊಟ್ಟೆಗಳನ್ನೆಲ್ಲ ಸುಡಬೇಕು. ‘ತಾಯಿಯಂತೆ ಮಗಳು, ನೂಲಿನಂತೆ ಸೀರೆ’ ಎಂಬ ಗಾದೆಯನ್ನು ಅಕ್ಕ ಬಂದ ರೈತರಿಗೆಲ್ಲ ಹೇಳುತ್ತಿದ್ದರು. ನಮ್ಮ ಕಸುಬಿನಲ್ಲಿ ಆ ಗಾದೆಯ ಎರಡು ಮಾತೂ ಅಕ್ಷರಶಃ ನಿಜ.

ನಾನು ಅಲ್ಲಿಗೆ ಸೇರಿದಾಗ ಮೂವತ್ತು ದಾಟಿತ್ತು, ಎರಡು ಮಕ್ಕಳಿದ್ದವು, ನಡೆಸುತ್ತಿದ್ದ ಜೆರಾಕ್ಸ್ ಅಂಗಡಿ ಮುಚ್ಚಿತ್ತು. ಹಿಂದೂಪುರದಲ್ಲಿ ಬಿಎಸ್ಸಿ ಮಾಡಿದವನೆಂಬ ಗತ್ತು ಮಾತ್ರ ಉಳಿದಿತ್ತು. ಮೊದಲ ದಿನ ಅಕ್ಕ ನನ್ನನ್ನು ಮೈಕ್ರೋಸ್ಕೋಪಿನ ಮುಂದೆ ಕೂಡಿಸಿ, ಏನು ಕಾಣುತ್ತದೋ ಅದರ ಚಿತ್ರ ಬರೆ ಎಂದರು. ನಾನು ಕಾಲೇಜಿನ ಪುಸ್ತಕದಲ್ಲಿದ್ದ ರೋಗದ ಕಣವನ್ನು, ಅದರೊಳಗೆ ಸುರುಳಿ ಸುತ್ತಿದ ದಾರದ ಸಮೇತ, ಅಂದವಾಗಿ ಬರೆದು ಕೊಟ್ಟೆ. ಪಕ್ಕದಲ್ಲಿ ನಾಲ್ಕು ಕಪ್ಪು ಗೀಟುಗಳನ್ನೂ ಹಾಕಿದ್ದೆ, ಅವಷ್ಟೇ ನಿಜವಾಗಿ ನನಗೆ ಕಂಡದ್ದು. ಅಕ್ಕ ಹಾಳೆಯನ್ನು ಬೆಳಕಿಗೆ ಹಿಡಿದರು.

“ಇದು ಪುಸ್ತಕದಾಗ ಕಂಡಿದ್ದು. ಈ ಗೀಟು ನಿನ್ನ ರೆಪ್ಪಿಗೂದಲು. ಗಾಜಿನ ಮ್ಯಾಲಿಂದು ಇನ್ನೂ ನೋಡೇ ಇಲ್ಲ ನೀನು ತಮ್ಮಾ.”

ಆ ಹನಿಯಲ್ಲಿ ರೋಗವೇ ಇರಲಿಲ್ಲವೆಂದು ಆಮೇಲೆ ತಿಳಿಯಿತು. ನನ್ನ ಗತ್ತು ಅಂದೇ ಇಳಿಯಿತು. ಮೂರು ತಿಂಗಳು ಅವರು ನನಗೆ ಕಲಬತ್ತು ಬಿಟ್ಟರೆ ಬೇರೆ ಕೊಡಲಿಲ್ಲ. ನಾನು ಅರೆಯುವುದು, ಗಾಜಿಗೆ ನಂಬರು ಹಾಕುವುದು, ಅವರು ಹೇಳಿದ್ದನ್ನು ಪುಸ್ತಕದಲ್ಲಿ ಬರೆಯುವುದು. ಅದರಲ್ಲೂ ತಕರಾರು. ರೋಗ ಕಾಣದಿದ್ದರೆ ನಾನು ‘ಇಲ್ಲ’ ಎಂದು ಬರೆದಿದ್ದೆ. ಅವರು ಅದನ್ನು ಹೊಡೆದು ‘ಕಾಣಲಿಲ್ಲ’ ಎಂದು ಬರೆಸಿದರು. ಇಲ್ಲ ಎನ್ನುವುದು ಶಿವನಿಗೆ ಗೊತ್ತು, ನಮಗೆ ಗೊತ್ತಿರುವುದು ಕಂಡಿತೋ ಕಾಣಲಿಲ್ಲವೋ ಅಷ್ಟೇ ಎಂದು ಅವರ ವಾದ. ಇಷ್ಟಕ್ಕೇ ಒಂದು ದಿನಕ್ಕೆ ನೂರು ಸಲ ಎರಡು ಅಕ್ಷರ ಹೆಚ್ಚು ಬರೆಯಬೇಕಾಗಿ ಬಂದದ್ದಕ್ಕೆ ನಾನು ಮನೆಯಲ್ಲಿ ಹೆಂಡತಿಯ ಹತ್ತಿರ ಗೊಣಗಿದ್ದುಂಟು.

ಕೊರಳಲ್ಲಿ ಲಿಂಗ, ಹಣೆಯಲ್ಲಿ ವಿಭೂತಿ, ಕೈಯಲ್ಲಿ ಚಿಟ್ಟೆ ಅರೆಯುವ ಕುಟ್ಟಾಣಿ. ಈ ಪಾಪ ಯಾರ ತಲೆಗೆ ಎಂದು ಒಮ್ಮೆ ಕೇಂದ್ರದ ಮಾಲೀಕರ ತಾಯಿ ಕೇಳಿಬಿಟ್ಟರು. ಮೊಟ್ಟೆ ಇಟ್ಟ ಮೇಲೆ ಅದಕ್ಕೆ ಬಾಯಿಯಿಲ್ಲ, ಊಟವಿಲ್ಲ, ಎರಡು ದಿನ ರೆಕ್ಕೆ ಬಡಿದು ಸಾಯುತ್ತದೆ, ಆ ಎರಡು ದಿನವನ್ನು ಸಾವಿರ ಹುಳುವಿಗೆ ಹಂಚಿದ್ದೇನೆ ಎಂದು ಅಕ್ಕ ಉತ್ತರ ಕೊಟ್ಟರು. ಆದರೂ ಸೋಮವಾರ ಕೆಲಸ ಶುರುಮಾಡುವ ಮುಂಚೆ ಕಲಬತ್ತಿಗೆ ಕೈಮುಗಿಯುವುದನ್ನು ನಾನು ಕಂಡಿದ್ದೇನೆ.

ಕಣ್ಣನ್ನು ಅವರು ದುಡಿಯುವ ಎತ್ತಿನ ಹಾಗೆ ನೋಡಿಕೊಂಡರು. ಕೆಲಸದ ದಿನ ಈರುಳ್ಳಿ ಹೆಚ್ಚುತ್ತಿರಲಿಲ್ಲ, ಅಳುತ್ತಿರಲಿಲ್ಲ. ಮನೆಯಲ್ಲಿ ನೋಡುವ ಟಿವಿ ಧಾರಾವಾಹಿಯಲ್ಲಿ ಯಾರಾದರೂ ಸಾಯುವ ಸಂದರ್ಭ ಬಂದರೆ ಎದ್ದು ಒಳಗೆ ಹೋಗುತ್ತಿದ್ದರಂತೆ. ಬೆಳಿಗ್ಗೆ ಡಬ್ಬಿಯಲ್ಲಿ ರಾಯದುರ್ಗದ ಒಗ್ಗರಣೆ ಮಂಡಕ್ಕಿ ತರುತ್ತಿದ್ದರು. ಮುದ್ದೆ ತಿನ್ನುವ ನಮಗೆ ಅದು ಊಟವೇ ಅಲ್ಲ. ನೀವು ಗಾಳಿ ತಿಂದು ಬದುಕುವವರು ಎಂದು ಛೇಡಿಸಿದರೆ, ಮುದ್ದೆ ತಿಂದ ಕಣ್ಣು ಮಧ್ಯಾಹ್ನ ಮುಚ್ಚಿಕೊಳ್ಳುತ್ತದೆ, ಚಿಟ್ಟೆ ನೋಡಲು ಗಾಳಿಯೇ ಸಾಕು ಎನ್ನುತ್ತಿದ್ದರು.

ಇನ್ನು ಅಳಿಯನ ವಿಚಾರ. ಗಂಟುರೋಗದ ಕಣ ಉದ್ದುದ್ದ, ಅಕ್ಕಿಕಾಳಿನ ಆಕಾರ. ಕೊಬ್ಬಿನ ಹನಿಗಳು ದುಂಡಗೆ ಮಂಕಾಗಿದ್ದರೆ ಇದು ಮಾತ್ರ ಥಳಥಳ ಹೊಳೆಯುತ್ತ, ನಿಂತಲ್ಲೇ ಕುಣಿಯುತ್ತಿರುತ್ತದೆ. ಅಕ್ಕ ಅದಕ್ಕೆ ಅಳಿಯ ಎಂದು ಹೆಸರಿಟ್ಟಿದ್ದರು. ಹೊಳೆಯುತ್ತ ಬರುತ್ತಾನೆ, ಕೂತು ಮನೆಯನ್ನೆಲ್ಲ ತಿನ್ನುತ್ತಾನೆ ಎಂದು ಕಾರಣ ಕೊಡುತ್ತಿದ್ದರು. ರಾಯದುರ್ಗದ ಶಾಮಿಯಾನದ ಕೆಳಗೆ ನಾನು ಬಾಯಿ ಮುಚ್ಚಿಕೊಂಡದ್ದು ಇದಕ್ಕೇ. ಅವರ ಇಬ್ಬರು ಅಳಿಯಂದಿರೂ ನನ್ನ ಎದುರಿಗೇ ಕೂತಿದ್ದರು.

ಈ ಹೆಸರಿನಿಂದ ಒಮ್ಮೆ ಎಡವಟ್ಟಾಯಿತು. ಮೊಟ್ಟೆ ತೆಗೆಯಲೆಂದೇ ಸಾಕಿದ ಬಿತ್ತನೆಯ ಗೂಡು ತಂದಿದ್ದ ಅಮರಾಪುರದ ಕಡೆಯ ಹಿರಿಯರೊಬ್ಬರು ಜಗಲಿಯಲ್ಲಿ ಕೂತಿದ್ದಾಗ ಒಳಗಿನಿಂದ ಅಕ್ಕ, ಅಳಿಯ ಬಂದ ನೋಡು ಎಂದು ನನಗೆ ಕೂಗಿ ಹೇಳಿದರು. ಹಿರಿಯರು ಎದ್ದು, ಟವಲ್ಲು ಕೊಡವಿ ಹೆಗಲಿಗೆ ಹಾಕಿಕೊಂಡು, ರಸ್ತೆಯ ತನಕ ನಡೆದುಹೋಗಿ ನಿಂತರು. ಮುನಿಸಿಕೊಂಡು ಒಂದು ವರ್ಷದಿಂದ ಮನೆಗೆ ಕಾಲಿಡದ ಅಳಿಯನೊಬ್ಬ ಅವರಿಗಿದ್ದ. ಬಂದದ್ದು ಅವನಲ್ಲ, ಅವರ ಗೂಡಿನ ಚಿಟ್ಟೆಯಲ್ಲಿ ಸಿಕ್ಕ ರೋಗ ಎಂದು ಹೇಳಬೇಕಾಗಿ ಬಂದದ್ದು ನನಗೆ. ಅಂದಿನಿಂದ ಅಕ್ಕ ಆ ಹೆಸರನ್ನು ಗಟ್ಟಿಯಾಗಿ ಕೂಗಲಿಲ್ಲ. ಆ ಹಿರಿಯರ ಮುಖ ನೆನೆದು ಬಹಳ ದಿನ ಪೇಚಾಡಿದರು.

ಅಳಿಯನಲ್ಲಿ ಎರಡು ಬಗೆ, ಕರೆಯದೆ ಬಂದವನು ಮತ್ತು ಕರೆದು ಕೂರಿಸಿದವನು. ಈ ಎರಡನೆಯದು ಅಕ್ಕನದೇ ಕಟ್ಟಳೆ, ಬೇರೆ ಎಲ್ಲೂ ನಾನು ಕಂಡಿಲ್ಲ. ರೋಗದ ಕಣಗಳಿದ್ದ ನೀರನ್ನು ಒಂದು ಪುಟ್ಟ ಸೀಸೆಯಲ್ಲಿ ಮುಚ್ಚಿ ಬೀರುವಿನಲ್ಲಿ ಬೀಗ ಹಾಕಿಟ್ಟಿದ್ದರು. ಕೀಲಿ ನನ್ನ ಹತ್ತಿರ. ದಿನಕ್ಕೊಂದು ಸಲ ಅದರ ಹನಿಯನ್ನು ಒಂದು ಗಾಜಿಗೆ ಹಾಕಿ, ನೋಡಬೇಕಾದ ಗಾಜುಗಳ ನಡುವೆ ಅವರಿಗೆ ಗೊತ್ತಾಗದಂತೆ ನಾನು ಸೇರಿಸಬೇಕು. ಅದರ ನಂಬರನ್ನು ಚೀಟಿಯಲ್ಲಿ ಬರೆದು ನನ್ನ ಕೋಟಿನ ಜೇಬಿನಲ್ಲಿ ಇಟ್ಟುಕೊಳ್ಳಬೇಕು. ಅಕ್ಕ ಅವನನ್ನು ಹಿಡಿದರೆ ಅಂದಿನ ಕೆಲಸ ಸರಿ. ಹಿಡಿಯದಿದ್ದರೆ ಅಂದು ಅವರು ನೋಡಿದ್ದು ಯಾವುದೂ ನೋಡಿದ ಹಾಗಲ್ಲ, ಎಲ್ಲ ಮೊದಲಿನಿಂದ. ಅದಕ್ಕಾಗಿ ಅಳಿಯ ಸಿಗುವ ತನಕ ಕಲಬತ್ತುಗಳನ್ನು ತೊಳೆಯುವಂತಿರಲಿಲ್ಲ. ನಾನು ಸೇರಿದ ಮೊದಲ ವರ್ಷಗಳಲ್ಲಿ ಒಂದೇ ಸಲ, ಮೈಯಲ್ಲಿ ಜ್ವರವಿದ್ದ ದಿನ, ಅಳಿಯ ತಪ್ಪಿಸಿಕೊಂಡಿದ್ದ. ಅಂದು ಮಾತ್ರೆ ನುಂಗಿ ಎಲ್ಲವನ್ನೂ ಮತ್ತೆ ನೋಡಿಯೇ ಎದ್ದರು. ಈ ಆಟವನ್ನು ಅವರು ಚಿಕ್ಕ ಹುಡುಗಿಯ ಖುಷಿಯಿಂದ ಆಡುತ್ತಿದ್ದರು. ಸಿಕ್ಕಾಗ ತಲೆ ಎತ್ತದೆ ಮೆಲ್ಲಗೆ, ಕೈಕಾಲು ತೊಳೆಯಲು ನೀರು ಕೊಡು ಎನ್ನುತ್ತಿದ್ದರು. ಬಂದ ಅಳಿಯನಿಗೆ ಎಂದು ಅರ್ಥ.

ಒಂದು ವರ್ಷ ದೀಪಾವಳಿ ಕಳೆದ ಮೇಲೆ ಅಕ್ಕ ಮೈಕ್ರೋಸ್ಕೋಪಿನ ಬಲ್ಬನ್ನು ಬೈಯಲು ಶುರುಮಾಡಿದರು. ಬೆಳಕು ಸಾಲದು ಎಂದರು. ಮಾಲೀಕರು ಹೊಸ ಬಲ್ಬು ತಂದರು, ಅದೂ ಮಂಕು. ಬೆಂಗಳೂರಿನಿಂದ ತರಿಸಿದ ಬಲ್ಬು ಇನ್ನೂ ಮಂಕು. ಮಸೂರವನ್ನು ದಿನಕ್ಕೆ ಹತ್ತು ಸಲ ಒರೆಸುತ್ತಿದ್ದರು. ನಾನೂ ಬಲ್ಬನ್ನೇ ಬೈದೆ. ಕುಣಿಯಲಾರದವಳು ನೆಲ ಡೊಂಕು ಎಂದಳಂತೆ ಎಂದು ಆಮೇಲೆ ತಮ್ಮನ್ನು ತಾವೇ ಹಾಸ್ಯ ಮಾಡಿಕೊಂಡರು, ಆಗ ಇಬ್ಬರಿಗೂ ಹೊಳೆದಿರಲಿಲ್ಲ.

ಹಾಗಿರುವಾಗ ಒಂದು ಸೋಮವಾರ ಅಳಿಯನನ್ನು ಐವತ್ತೆರಡನೇ ನಂಬರಿನಲ್ಲಿ ಇಟ್ಟಿದ್ದೆ. ಐವತ್ತೆರಡು ಬಂತು. ಅಕ್ಕ ನೋಡಿದರು, ‘ಕಾಣಲಿಲ್ಲ’ ಎಂದರು, ಗಾಜು ಸರಿಸಿದರು. ಬರೆಯುತ್ತಿದ್ದ ನನ್ನ ಕೈ ನಿಂತಿತು. ಕೊನೆಯ ಗಾಜು ಮುಗಿದ ಮೇಲೆ ಇವತ್ತು ಅಳಿಯನನ್ನು ಕರೆದಿರಲಿಲ್ಲವೇ ಎಂದು ಕೇಳಿದರು. ಹೌದು, ಇಟ್ಟಿದ್ದೆ, ನಿಮಗೆ ಕಾಣಲಿಲ್ಲ ಎನ್ನಬೇಕಿತ್ತು. ಬಲ್ಬನ್ನು ಬೈದು ಬೈದು ದಣಿದಿದ್ದ ಆ ಮುಖ ನೋಡಿ ನನ್ನ ಬಾಯಿಂದ, ಮರೆತೆ ಅಕ್ಕ, ಇಟ್ಟಿರಲಿಲ್ಲ ಎಂದು ಬಂತು. ಪುಸ್ತಕದಲ್ಲೂ ಹಾಗೇ ಬರೆದೆ. ಆ ಕುರ್ಚಿಯಿಂದ ಎಬ್ಬಿಸಿದರೆ ಅಕ್ಕ ಬದುಕುವುದಿಲ್ಲ ಎಂದು ನನ್ನ ಲೆಕ್ಕ. ಅವರು ಮನೆಗೆ ಹೋದ ಮೇಲೆ, ತೊಳೆಯದೆ ಬಚ್ಚಿಟ್ಟಿದ್ದ ಕಲಬತ್ತುಗಳಿಂದ ಒಂದೊಂದೇ ಹನಿ ತೆಗೆದು ಎಲ್ಲವನ್ನೂ ನಾನೇ ನೋಡಿದೆ. ಯಾವುದರಲ್ಲೂ ರೋಗ ಕಾಣಲಿಲ್ಲ. ಕಲಬತ್ತು ತೊಳೆದಿಟ್ಟು, ಒಳ್ಳೆಯ ಕೆಲಸ ಮಾಡಿದೆನೆಂಬ ಸಮಾಧಾನದಲ್ಲೇ ಮನೆಗೆ ಹೋದೆ. ಮಂಗಳವಾರವೂ ಅಳಿಯ ತಪ್ಪಿಸಿಕೊಂಡ. ಮಂಗಳವಾರವೂ ನಾನು ಮರೆತೆ ಎಂದೆ, ಸಂಜೆ ಕೂತು ಎಲ್ಲ ನೋಡಿದೆ.

ಬುಧವಾರ ಬೆಳಿಗ್ಗೆ ಅಕ್ಕ ಕುರ್ಚಿಯಲ್ಲಿ ಕೂತು ಬಗ್ಗಿದವರು ಹಾಗೇ ಹಿಂದೆ ಸರಿದರು. ಎರಡು ಕಣ್ಣಿಟ್ಟು ನೋಡುವ ಮೈಕ್ರೋಸ್ಕೋಪಿನಲ್ಲಿ ಎರಡು ಕೊಳವೆಗಳನ್ನು ನೋಡುವವರ ಕಣ್ಣಿನ ಅಳತೆಗೆ ಹತ್ತಿರ ದೂರ ಮಾಡಿಕೊಳ್ಳಬೇಕು. ಅಕ್ಕನದು ಸಣ್ಣ ಮುಖ, ನನ್ನದು ಅಗಲ. ಹಿಂದಿನ ಸಂಜೆ ಅಗಲಿಸಿದ್ದನ್ನು ಮತ್ತೆ ಕೂಡಿಸಲು ಮರೆತಿದ್ದೆ. ಈ ಮರೆವು ಮಾತ್ರ ನಿಜವಾದದ್ದು.

“ನಾ ಹೋದ ಮ್ಯಾಲ ಇಲ್ಲಿ ಕುಂತಿದ್ದಿ” ಎಂದರು. “ಜೇಬಿನಾಗಿನ ಚೀಟಿ ತೆಗಿ.”

ಎರಡೂ ಚೀಟಿ ಕೋಟಿನ ಜೇಬಿನಲ್ಲೇ ಇದ್ದವು. ಯಾಕೆ ಎಸೆದಿರಲಿಲ್ಲವೋ ನನಗೆ ಇಂದಿಗೂ ಗೊತ್ತಿಲ್ಲ. ಅಕ್ಕ ಅವುಗಳನ್ನು ಮೇಜಿನ ಮೇಲೆ ಜೋಡಿಸಿಟ್ಟು, ಪುಸ್ತಕದಲ್ಲಿ ಆ ನಂಬರು ಹುಡುಕಿದರು. ಪುಸ್ತಕವನ್ನು ಮೂಗಿನ ಹತ್ತಿರ ಹಿಡಿದು ಓದುವುದನ್ನು ನಾನು ಗಮನಿಸಿದ್ದು ಅಂದೇ. ಎರಡು ಕಡೆಯೂ ‘ಕಾಣಲಿಲ್ಲ’. ನಾನು ಅವಸರದಿಂದ, ಎಲ್ಲವನ್ನೂ ಮತ್ತೆ ನೋಡಿದ್ದೇನೆ, ಮೊಟ್ಟೆ ಶುದ್ಧವಾಗಿವೆ, ಏನೂ ಹಾನಿಯಾಗಿಲ್ಲ ಎಂದೆ.

“ನಿನ್ನ ಕಣ್ಣಿಗೆ ಅಳಿಯನ್ನ ಯಾರು ಇಟ್ಟಿದ್ರು?”

ಯಾರೂ ಇಟ್ಟಿರಲಿಲ್ಲ.

“ಹಂಗಾದ್ರ ನೀ ನೋಡಿದ್ದೂ ಒಂದ, ಬಿಟ್ಟಿದ್ದೂ ಒಂದ” ಎಂದರು. “ನನ್ನ ಕುರ್ಚಿ ಉಳಸಾಕ ಹೋಗಿ ರೊಳ್ಳದೋರ ಹುಳುಮನಿ ಒತ್ತಿ ಇಟ್ಟೆಲ್ಲೋ ತಮ್ಮಾ.”

ಆ ಎರಡು ದಿನದ ಮೊಟ್ಟೆ ಅಂದೇ ರೊಳ್ಳದ ಕಡೆಯ ರೈತರಿಗೆ ಹೋಗಬೇಕಿತ್ತು. ಕಲಬತ್ತುಗಳನ್ನು ನಾನು ತೊಳೆದಾಗಿತ್ತು, ತಾಯಿ ಚಿಟ್ಟೆಗಳು ಒಂದೂ ಉಳಿದಿರಲಿಲ್ಲ, ಮತ್ತೆ ನೋಡುವ ದಾರಿಯನ್ನು ನಾನೇ ಮುಚ್ಚಿದ್ದೆ. ಅಕ್ಕ ನನ್ನಿಂದ ‘ಇಟ್ಟಿರಲಿಲ್ಲ’ ಎಂಬುದರ ಮೇಲೆ, ಅಕ್ಷರ ಓದಲು ಬರುವಂತೆ, ಒಂದೇ ಗೀಟು ಎಳೆಸಿದರು. ಕೆಳಗೆ ‘ಇಟ್ಟಿದ್ದೆ. ಅಕ್ಕನಿಗೆ ಕಾಣಲಿಲ್ಲ’ ಎಂದು ಬರೆಸಿ ಸಹಿ ಹಾಕಿಸಿ, ತಾವೂ ಹಾಕಿದರು. ಆಮೇಲೆ ಮೊಟ್ಟೆಯ ಹಾಳೆಗಳನ್ನು ಹಿತ್ತಲಿನ ಗುಂಡಿಗೆ ತಾವೇ ಹೊತ್ತು ತಂದು ಬೆಂಕಿ ಕೊಟ್ಟರು. ಅವೆಲ್ಲ ಚೆನ್ನಾಗಿಯೇ ಇದ್ದವೇನೋ ಎಂದೆ. ಇರಬಹುದು ಎಂದು ಅವರೂ ಒಪ್ಪಿದರು, ಒಪ್ಪಿ ಇನ್ನೊಂದು ಹಾಳೆ ಹಾಕಿದರು. ಹೊಗೆ ಕಣ್ಣಿಗೆ ಬಂದರೂ ಪಕ್ಕಕ್ಕೆ ಸರಿಯಲಿಲ್ಲ. ಅದನ್ನು ನೋಡಿ ನಾನು ಅತ್ತುಬಿಟ್ಟೆ.

ಮುಂದೆ ಆದದ್ದನ್ನು ಇಲ್ಲೇ ಹೇಳಿಬಿಡುತ್ತೇನೆ. ಪೊರೆ ಎಂದು ಗೊತ್ತಾಯಿತು, ಬಳ್ಳಾರಿಯಲ್ಲಿ ಎರಡೂ ಕಣ್ಣಿಗೆ ಆಪರೇಷನ್ ಆಯಿತು. ನೋಟ ತಿರುಗಿ ಬಂದರೂ ಅಕ್ಕ ಆ ಕುರ್ಚಿಗೆ ಮರಳಲಿಲ್ಲ, ಎದುರಿನ ಮೇಜಿನಲ್ಲಿ ಗಾಜು ಸಿದ್ಧಮಾಡುತ್ತ ಕೂತು ನಾಲ್ಕು ವರ್ಷ ಕೆಲಸ ಮಾಡಿ, ಗಂಡ ಅಂಗಡಿ ಮುಚ್ಚಿದ ಮೇಲೆ ರಾಯದುರ್ಗಕ್ಕೆ ಹೋದರು. ಆದರೆ ಅಕ್ಕ ಎಂದೊಡನೆ ನನ್ನ ಕಣ್ಣ ಮುಂದೆ ನಿಲ್ಲುವುದು ಆ ಬುಧವಾರ ಮಧ್ಯಾಹ್ನದ ಜಗಲಿ.

ಮೊಟ್ಟೆ ಒಯ್ಯಲು ಒದ್ದೆ ಬಟ್ಟೆ, ಬುಟ್ಟಿ ಹಿಡಿದುಕೊಂಡು ಹತ್ತು ಹನ್ನೆರಡು ಮಂದಿ ಬಂದು ಕೂತಿದ್ದರು. ಮಾಲೀಕರಿಗೆ ಸಿಟ್ಟು ನೆತ್ತಿಗೇರಿತ್ತು. ಸುಟ್ಟದ್ದಂತೂ ಆಯಿತು, ‘ಸ್ಟಾಕ್ ಲೇದನಿ ಚೆಪ್ಪಂಡಿ’ ಎಂದರು. ದಾಸ್ತಾನು ಇಲ್ಲ ಎಂದುಬಿಟ್ಟರೆ ಅಲ್ಲಿಗೆ ಮುಗಿಯುತ್ತಿತ್ತು. ಅಕ್ಕ ಜಗಲಿಗೆ ಬಂದು, ಮೆಟ್ಟಿಲ ಮೇಲೆ ಅವರ ಸಮಕ್ಕೆ ಕೂತು, ತಮ್ಮ ಕಣ್ಣು ಕೆಟ್ಟಿದೆ, ಎರಡು ದಿನ ತಾವು ನೋಡಿದ್ದು ನಂಬುವ ಹಾಗಿಲ್ಲ, ಅದಕ್ಕೇ ಮೊಟ್ಟೆ ಸುಟ್ಟಿದ್ದೇವೆ, ಹತ್ತು ದಿನ ಬಿಟ್ಟು ಬನ್ನಿ ಎಂದು ಇದ್ದದ್ದನ್ನು ಇದ್ದ ಹಾಗೆ ಹೇಳಿದರು. ಬಹಳ ವರ್ಷದಿಂದ ಅಲ್ಲಿಂದಲೇ ಮೊಟ್ಟೆ ಒಯ್ಯುತ್ತಿದ್ದ ರೊಳ್ಳದ ಹೆಂಗಸೊಬ್ಬರು ಬುಟ್ಟಿ ಕೆಳಗಿಟ್ಟರು.

“ಅಂಗಾರೆ ಇಲ್ಲೀಗಂಟ ನಾವು ತಗಂಡೋಗಿದ್ದು ಎಂಗಮ್ಮ?”

ನಾನು ಹೆದರಿದ್ದೆಲ್ಲ ಆ ಒಂದು ಪ್ರಶ್ನೆಯಲ್ಲಿತ್ತು. ಅಕ್ಕ ಒಳಗೆ ಹೋಗಿ ಪುಸ್ತಕ ತಂದು ಆಕೆಯ ತೊಡೆಯ ಮೇಲೆ ಇಟ್ಟರು. ದಿನಕ್ಕೊಂದು ರೋಗದ ಗಾಜನ್ನು ತಮಗೆ ಗೊತ್ತಾಗದಂತೆ ಇಡಿಸಿಕೊಂಡು ತಮ್ಮ ಕಣ್ಣನ್ನು ತಾವೇ ಪರೀಕ್ಷೆ ಮಾಡಿಕೊಂಡದ್ದನ್ನು ವಿವರಿಸಿದರು. ತನ್ನ ಕಣ್ಣು ಯಾವ ದಿನದ ತನಕ ನೆಟ್ಟಗಿತ್ತು ಎಂದು ಬರೆದು ತೋರಿಸಬಲ್ಲ ಇನ್ನೊಬ್ಬರನ್ನು ನಾನು ಕಂಡಿಲ್ಲ. ಆ ಹೆಂಗಸಿಗೆ ಓದಲು ಬರುತ್ತಿರಲಿಲ್ಲ. ಪುಸ್ತಕವನ್ನು ಎತ್ತಿ, ಬಾಗಿಲಲ್ಲಿ ನಿಂತಿದ್ದ ನನ್ನ ಕೈಗೆ ಕೊಟ್ಟು, ನೀನು ಓದಪ್ಪ ಎಂದರು.

ಓದಿದೆ. ಅಳಿಯ ಹದಿನೇಳು, ಕಂಡ. ಅಳಿಯ ಎಂಬತ್ತು, ಕಂಡ. ಅಳಿಯ ಒಂಬತ್ತು, ಕಂಡ. ಹೀಗೆ ಒಂದೊಂದೇ ದಿನ ದಾಟಿ ಸೋಮವಾರಕ್ಕೆ ಬಂದೆ. ಬಿಟ್ಟು ಓದಬಹುದಿತ್ತು, ಅಕ್ಕ ನನ್ನ ಕಡೆ ನೋಡುತ್ತಲೂ ಇರಲಿಲ್ಲ. ಗೀಟು ಎಳೆದದ್ದನ್ನೂ ಓದಿದೆ, ಅದರ ಕೆಳಗಿನದನ್ನೂ ಓದಿದೆ. ಮಂಗಳವಾರದ್ದನ್ನೂ ಓದಿದೆ.

ಇಟ್ಟೇ ಇರಲಿಲ್ಲ ಎಂದು ಮೊದಲು ಬರೆದವರು ಯಾರು ಎಂದು ಆಕೆ ಕೇಳಿದರು. ನಾನೇ ಎಂದೆ. ಆಕೆ ನನ್ನನ್ನು ಮೇಲಿಂದ ಕೆಳಗೆ ಒಮ್ಮೆ ನೋಡಿ, ಅಕ್ಕನ ಕಡೆ ತಿರುಗಿ, ಇನ್ನು ಮೇಲೆ ಮೈಕ್ರೋಸ್ಕೋಪು ನೋಡುವವರು ಯಾರು ಎಂದರು. ಅಕ್ಕ ಕೂತಲ್ಲಿಂದಲೇ ನನ್ನ ಕಡೆ ಕೈ ತೋರಿಸಿದರು.

“ಇವ್ನಾ? ಸುಳ್ಳು ಬರ್ದೋನಾ?”

“ಹೌದ್ರಿ, ಇವನ. ಇನ್ನ ಬರಿಯಂಗಿಲ್ಲ” ಎಂದರು ಅಕ್ಕ. “ಈಗ ನಿಮ್ಮ ಮುಂದ ಓದಿದ್ನಲ್ಲ.”